ಓಡಿಪೋಯಾಡು

2023ರ ಮೇ 13, ವಿಧಾನಸಭಾ ಚುನಾವಣೆಯ ಎಣಿಕೆಯ ದಿನ. ಮುದ್ದೇನಹಳ್ಳಿಯ ಚಹಾ ಅಂಗಡಿಯಲ್ಲಿ ಫೋನು ಕಿವಿಗಿಟ್ಟುಕೊಂಡಿದ್ದ ಹಿರಿಯರೊಬ್ಬರು ತಲೆಯೆತ್ತಿ, ‘ಮನೋಡು ಓಡಿಪೋಯಾಡು ಸಾರ್’ ಅಂದರು. ಬೆಂಗಳೂರಿನಿಂದ ಬಂದಿದ್ದ ನನ್ನ ಜೊತೆಗಾರ ಗಾಬರಿಯಿಂದ ಕೇಳಿದ: ‘ಎಲ್ಲಿಗೆ ಓಡಿಹೋದರಂತೆ?’

ಅಂಗಡಿಯೆಲ್ಲ ನಕ್ಕಿತು. ತೆಲುಗಿನಲ್ಲಿ ‘ಮನೋಡು’ ಅಂದರೆ ನಮ್ಮವ, ‘ಓಡಿಪೋಯಾಡು’ ಅಂದರೆ ಸೋತ ಅಂತ ಅಷ್ಟೇ. ಸೋಲಿಗೆ ಅಲ್ಲಿ ‘ಓಟಮಿ’. ಅದರೊಳಗೂ ಒಂದು ‘ಓಟ’ ಕೂತಿದೆ. ಕತ್ತಿ ಹಿಡಿದು ಗದ್ದುಗೆ ತೀರ್ಮಾನಿಸುತ್ತಿದ್ದ ಕಾಲದಲ್ಲಿ ಸೋಲುವುದಕ್ಕೂ ಓಡುವುದಕ್ಕೂ ಅಂಥ ದೂರವೇನೂ ಇರಲಿಲ್ಲ, ಬಿಡಿ.

ಚಿಕ್ಕಬಳ್ಳಾಪುರದ ಕಡೆ ಮಾತು ಹೀಗೇ, ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತದೆ. ಮುದ್ದೇನಹಳ್ಳಿಯ ಹೆಮ್ಮೆಯ ಮಗ ವಿಶ್ವೇಶ್ವರಯ್ಯನವರ ಮನೆತನದ ಹೆಸರೇ ಆಂಧ್ರದ ಮೋಕ್ಷಗುಂಡಂ ಎಂಬ ಊರಿನದು. ‘ಮತ’ ಎನ್ನುವುದು ಪತ್ರಿಕೆಯ ಮಾತು, ಬಾಯಲ್ಲಿರುವುದು ‘ಓಟು’. ‘ಓಟು ಹಾಕಿದ್ರಾ’ ಎಂದು ಕೇಳಿದರೂ ‘ಓಟೇಶಾರಾ’ ಎಂದು ಕೇಳಿದರೂ ತೋರಿಸುವುದು ಅದೇ ಶಾಯಿಯ ಬೆರಳು.

ಅವತ್ತು ಚಿಕ್ಕಬಳ್ಳಾಪುರದಲ್ಲಿ, ಸಚಿವರಾಗಿದ್ದ ಕೆ. ಸುಧಾಕರ್ ಹತ್ತು ಸಾವಿರ ಚಿಲ್ಲರೆ ಓಟಿನಿಂದ ಪ್ರದೀಪ್ ಈಶ್ವರ್‌ಗೆ ಸೋತರು. ಅದೇ ದಿನ ಬೆಂಗಳೂರಿನ ಜಯನಗರದಲ್ಲಿ ಎಣಿಸಿ, ಮತ್ತೆ ಎಣಿಸಿ, ಕೊನೆಗೆ ಸೌಮ್ಯಾ ರೆಡ್ಡಿಯವರ ಸೋಲು ನಿಂತದ್ದು 16 ಓಟಿಗೆ. ಆದರೆ ‘ಓಡಿಪೋಯಾಡು’ ಎಂಬ ಕ್ರಿಯಾಪದದ ನಿಜವಾದ ಪರೀಕ್ಷೆ ನಡೆದದ್ದು 2004ರಲ್ಲಿ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದು ಓಟು! ಸೋತವರ ಕಾರಿನ ಚಾಲಕನಿಗೇ ಓಟು ಹಾಕಲು ಬಿಡುವಾಗಲಿಲ್ಲವಂತೆ ಎಂಬ ಕಥೆ ಪ್ರತಿ ಚುನಾವಣೆಯಲ್ಲೂ ಎದ್ದು ಬರುತ್ತದೆ. ನಲವತ್ತು ಸಾವಿರ ಜನ ಬೆನ್ನಿಗಿದ್ದವರನ್ನು ‘ಓಡಿಪೋಯಾಡು’ ಅನ್ನಲು ನನಗಂತೂ ನಾಲಿಗೆ ಏಳುವುದಿಲ್ಲ. ಕನ್ನಡದ ‘ಸೋತ’ವೇ ವಾಸಿ; ಅದರಲ್ಲಿ ದಣಿವಿದೆ, ಪಲಾಯನವಿಲ್ಲ. ದುಡಿದು ಬಂದವನ ಕೈಕಾಲೂ ಸೋಲುತ್ತವಲ್ಲ?

ಓಡಿದವರಾದರೂ ಯಾರು? ಸುಧಾಕರ್ ಮರುವರ್ಷವೇ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಗೆದ್ದರು. ಸಂತೇಮರಹಳ್ಳಿ ಎಂಬ ಕ್ಷೇತ್ರವೇ 2008ರ ಮರುವಿಂಗಡಣೆಯಲ್ಲಿ ಅಳಿಸಿಹೋಯಿತು, ಕೃಷ್ಣಮೂರ್ತಿ ಉಳಿದರು. 2023ರಲ್ಲಿ ಕೊಳ್ಳೇಗಾಲದಲ್ಲಿ ಅವರು ಗೆದ್ದ ಅಂತರ 59 ಸಾವಿರಕ್ಕೂ ಹೆಚ್ಚು.