ಬೂದಿಯಲ್ಲಿ ಬೆಂದ ಬಟಾಟಿ

ಚಳಿಗಾಲದಲ್ಲಿ ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಎರೆಭೂಮಿಯ ಊರುಗಳ ಕಡೆ ಹೋದರೆ ನಿಮಗೆ ಸೀತನಿಯ ರುಚಿ ಸಿಕ್ಕೀತು. ಹೊಲದಲ್ಲಿ ಚಿಕ್ಕ ಕುಣಿ ತೋಡಿ, ಕುಳ್ಳು ಉರಿಸಿ, ಉರಿ ಇಳಿದು ಕೆಂಡವಾದ ಮೇಲೆ ಎಳೆಯ ಜೋಳದ ತೆನೆಗಳನ್ನು ಅದರಲ್ಲಿ ಹುಗಿಯುತ್ತಾರೆ. ಮನೆಯ ಒಲೆಯಲ್ಲೂ ಇದೇ ಕ್ರಮ. ರೊಟ್ಟಿ ಬಡಿದು ಮುಗಿದ ಮೇಲೆ ಬಿಸಿಬೂದಿಯಲ್ಲಿ ಬಟಾಟಿ ಹುಗಿದಿಟ್ಟರೆ ಅದು ತನ್ನ ಪಾಡಿಗೆ ತಾನು ಬೇಯುತ್ತದೆ. ಜ್ವಾಲೆ ಧಗಧಗಿಸುವಾಗ ಸುಮ್ಮನಿದ್ದು, ಅದು ತಣಿದ ಮೇಲೆ ಬಟಾಟಿ ಇಡುವುದೇಕೆ? ಈ ಸರಳ ಪ್ರಶ್ನೆಗೆ ಉತ್ತರ ಹುಡುಕಲು ಭೌತವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ಆ ಕಥೆಯೇ ಈ ಲೇಖನದ ವಸ್ತು.

ಬಟಾಟಿ ನಮ್ಮ ನೆಲದ ಬೆಳೆಯಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಜನರು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಕೃಷಿಗೆ ಒಗ್ಗಿಸಿದ್ದರು. ಸ್ಪೇನಿನವರ ಮೂಲಕ 16ನೆಯ ಶತಮಾನದಲ್ಲಿ ಅದು ಯೂರೋಪನ್ನು ಸೇರಿತು. ಭಾರತಕ್ಕೆ ತಂದವರು ಪೋರ್ಚುಗೀಸರು. ಅವರ ‘ಬಟಾಟ’ ಎಂಬ ಪದವೇ ನಮ್ಮ ಬಾಯಲ್ಲಿ ‘ಬಟಾಟಿ’ ಆಗಿ ಉಳಿದಿದೆ. ಕುತೂಹಲದ ಸಂಗತಿಯೆಂದರೆ, ಆಂಡಿಸ್ ರೈತರು ಬಟಾಟಿ ಸುಡುವ ಬಗೆ ನಮ್ಮ ಸೀತನಿಯನ್ನು ನೆನಪಿಸುತ್ತದೆ. ಹೊಲದ ಮಣ್ಣಿನ ಹೆಂಟೆಗಳನ್ನು ಗುಮ್ಮಟದಂತೆ ಪೇರಿಸಿ, ಒಳಗೆ ಬೆಂಕಿ ಹಾಕುತ್ತಾರೆ. ಹೆಂಟೆಗಳು ಚೆನ್ನಾಗಿ ಕಾದ ಮೇಲೆ ಬಟಾಟಿಗಳನ್ನು ಒಳಗಿಟ್ಟು, ಗುಮ್ಮಟವನ್ನು ಅವುಗಳ ಮೇಲೆಯೇ ಕೆಡವಿ ಮುಚ್ಚುತ್ತಾರೆ. ಇದಕ್ಕೆ ಅವರು ‘ಹುವಾತಿಯಾ’ ಎನ್ನುತ್ತಾರೆ. ಒಬ್ಬರನ್ನೊಬ್ಬರು ಕಾಣದ ಎರಡು ಜನಸಮುದಾಯಗಳು ಕಂಡುಕೊಂಡ ಉಪಾಯ ಒಂದೇ: ಉರಿಯಿಂದಲ್ಲ, ಉರಿ ಬಿಟ್ಟುಹೋದ ಬಿಸಿಯಿಂದ ಬೇಯಿಸುವುದು.

ಈ ಉಪಾಯದ ವೈಜ್ಞಾನಿಕ ಪರೀಕ್ಷೆಗೆ ಕಾರಣವಾದದ್ದು ಬಡವರ ಹಸಿವು. ಅಮೆರಿಕದಲ್ಲಿ ಹುಟ್ಟಿದ ಬೆಂಜಮಿನ್ ಥಾಮ್ಸನ್ (1753-1814) ಜರ್ಮನಿಯ ಬವೇರಿಯಾದಲ್ಲಿ ಅಧಿಕಾರಿಯಾಗಿ, ಮುಂದೆ ಕೌಂಟ್ ರಮ್‌ಫೋರ್ಡ್ ಎಂದು ಹೆಸರಾದ. 1790ರಲ್ಲಿ ಮ್ಯೂನಿಕ್ ನಗರದ ನಿರ್ಗತಿಕರಿಗೆ ದುಡಿಮೆ ಮತ್ತು ಊಟ ಒದಗಿಸುವ ಹೊಣೆ ಹೊತ್ತ. ಅಗ್ಗವಾಗಿ ಹೊಟ್ಟೆ ತುಂಬಿಸುವ ಬಟಾಟಿಯನ್ನು ಅಲ್ಲಿನವರು ತಿನ್ನಲು ಒಪ್ಪುತ್ತಿರಲಿಲ್ಲ. ಆದ್ದರಿಂದ ಮೊದಮೊದಲು ಅದನ್ನು ಗುಟ್ಟಾಗಿ ಬೇಯಿಸಿ, ಗುರುತು ಸಿಗದಂತೆ ಗಂಜಿಯಲ್ಲಿ ಕಲಸಿ ಬಡಿಸಬೇಕಾಯಿತು! ಸೌದೆಯ ಖರ್ಚೂ ಅವನನ್ನು ಕಾಡಿತು. ತೆರೆದ ಒಲೆಯ ಬಿಸಿ ಬಹುಪಾಲು ಪಾತ್ರೆಗೆ ತಲುಪದೆ ಹಾರಿಹೋಗುವುದನ್ನು ಕಂಡು, ಬೆಂಕಿಯನ್ನು ಸುತ್ತಲೂ ಮುಚ್ಚಿದ ಒಲೆಗಳನ್ನು ರೂಪಿಸಿದ.

ಒಮ್ಮೆ ಬಟಾಟಿ ಒಣಗಿಸುವ ತನ್ನ ಯಂತ್ರದಲ್ಲಿ ಮಾಂಸ ಬೇಯುವುದೇ ಎಂದು ನೋಡಹೊರಟ. ಮೂರು ಗಂಟೆಯಾದರೂ ಅದು ಬೇಯಲಿಲ್ಲ. ಪ್ರಯತ್ನ ಕೈಬಿಟ್ಟ. ಅಡುಗೆಯವರು ಮಾಂಸವನ್ನು ರಾತ್ರಿಯಿಡೀ ಅಲ್ಲೇ ಬಿಟ್ಟರು, ಬೆಂಕಿಯೂ ಆರಿಹೋಗಿತ್ತು. ಬೆಳಗ್ಗೆ ನೋಡಿದರೆ ಮಾಂಸ ಹದವಾಗಿ ಬೆಂದಿತ್ತು, ರುಚಿಯೂ ಸೊಗಸಾಗಿತ್ತು. ಕಡಿಮೆ ತಾಪದಲ್ಲಿ ದೀರ್ಘಕಾಲ ಬೇಯಿಸುವುದರ ಬೆಲೆ ರಮ್‌ಫೋರ್ಡನಿಗೆ ಮನದಟ್ಟಾಯಿತು. ಫಿರಂಗಿಯ ಕೊಳವೆ ಕೊರೆಯುವಾಗ ಹುಟ್ಟುವ ಉಷ್ಣವನ್ನು ಕುರಿತು 1798ರಲ್ಲಿ ಪ್ರಕಟಿಸಿ, ಉಷ್ಣವು ದ್ರವ್ಯವಲ್ಲ, ಚಲನೆಯ ರೂಪ ಎಂದು ವಾದಿಸಿದ ರಮ್‌ಫೋರ್ಡನೂ ಇವನೇ.

ಆದರೆ ಘನವಸ್ತುವಿನೊಳಗೆ ಉಷ್ಣ ಎಷ್ಟು ವೇಗವಾಗಿ ನುಗ್ಗುತ್ತದೆ? ಇದಕ್ಕೆ ಗಣಿತದ ಉತ್ತರ ಕೊಟ್ಟವನು ಫ್ರಾನ್ಸಿನ ಜೋಸೆಫ್ ಫೂರಿಯೆ. ಅವನ ಗ್ರಂಥ 1822ರಲ್ಲಿ ಹೊರಬಂತು. ಅದರಿಂದ ತಿಳಿಯುವ ಒಂದು ನಿಯಮ ನಮಗೆ ಸಾಕು: ಬಿಸಿ ನಡುವಿಗೆ ತಲುಪಲು ಬೇಕಾದ ಕಾಲ ವಸ್ತುವಿನ ಗಾತ್ರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸ್ಥೂಲವಾಗಿ ಹೇಳುವುದಾದರೆ, 5 ಸೆಂ.ಮೀ. ದಪ್ಪದ ಬಟಾಟಿಗೆ ಅರ್ಧ ಗಂಟೆ ಹಿಡಿದರೆ 7 ಸೆಂ.ಮೀ. ದಪ್ಪದ್ದಕ್ಕೆ ಸುಮಾರು ಒಂದು ಗಂಟೆ ಬೇಕು.

ಉರಿ ಹೆಚ್ಚಿಸಿದರೆ ಬೇಗ ಬೇಯಲಾರದೇ ಎಂದು ನೀವು ಕೇಳಬಹುದು. ಬಟಾಟಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು. ಆ ನೀರು ಇರುವವರೆಗೂ ಸಿಪ್ಪೆಯ ಕೆಳಗಿನ ತೇವದ ಪದರದ ತಾಪ 100° ಸೆ. ದಾಟುವಂತಿಲ್ಲ. ಹೊರಗೆ 200° ಇರಲಿ, 600° ಇರಲಿ, ಒಳಕ್ಕೆ ಬಿಸಿಯನ್ನು ತಳ್ಳುವುದು ಈ 100° ಮಾತ್ರ. ಹೆಚ್ಚಿನ ಉರಿ ಸಿಪ್ಪೆಯನ್ನು ಕರಕಲಾಗಿಸುತ್ತದೆ. ನಡುವು ಹಸಿಯಾಗಿಯೇ ಉಳಿಯುತ್ತದೆ. ಬೂದಿಯ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಮಂದ ವಾಹಕ. ಕೆಂಡದ ಬಿಸಿಯನ್ನು ಕೂಡಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ನಮ್ಮ ಅಜ್ಜಿಯಂದಿರು ಉರಿ ಇಳಿಯುವವರೆಗೆ ಕಾಯುತ್ತಿದ್ದುದರ ಮರ್ಮ ಇದು.

ಹಾಗೆಂದು ಹೊಗೆಯೊಲೆಗೆ ಮರಳಬೇಕಾಗಿಲ್ಲ. ಅದರ ಹೊಗೆ ಹೆಂಗಸರ ಕಣ್ಣು, ಪುಪ್ಪುಸಗಳನ್ನು ಹಾಳುಮಾಡಿದ್ದು ಸುಳ್ಳಲ್ಲ. ಮನೆಯಲ್ಲಿ ವಿದ್ಯುತ್ ಓವನ್ ಇದ್ದರೆ ಹೀಗೆ ಮಾಡಿ. ಒಂದೇ ಗಾತ್ರದ ಬಟಾಟಿಗಳನ್ನು ಆರಿಸಿ. ಹಸಿರು ತಿರುಗಿದವು ಬೇಡ. ಅವುಗಳಲ್ಲಿರುವ ಸೊಲಾನಿನ್ ವಿಷ ಬೇಯಿಸಿದರೂ ಹೋಗದು. 900 ಗ್ರಾಂ ನೀರಿಗೆ 100 ಗ್ರಾಂ ಉಪ್ಪು ಬೆರೆಸಿದರೆ ಅದರ ಸಾಪೇಕ್ಷ ಸಾಂದ್ರತೆ ಸುಮಾರು 1.07 ಆಗುತ್ತದೆ. ಅದರಲ್ಲಿ ಮುಳುಗುವ ಬಟಾಟಿಯಲ್ಲಿ ಪಿಷ್ಟ ಹೆಚ್ಚು. ಅದು ಬೆಂದಾಗ ಹಿಟ್ಟುಹಿಟ್ಟಾಗಿ ಬಿರಿಯುತ್ತದೆ. ತೊಳೆದು, ಒರೆಸಿ, ಆವಿ ಹೊರಹೋಗಲು ಅಲ್ಲಲ್ಲಿ ಚುಚ್ಚಿ, 200° ಸೆ. ತಾಪದಲ್ಲಿ ಸುಮಾರು ಒಂದು ಗಂಟೆ ಇಡಿ. ಅಲ್ಯುಮಿನಿಯಂ ಹಾಳೆ ಸುತ್ತಬೇಡಿ; ಸುತ್ತಿದರೆ ಆವಿ ಒಳಗೇ ಉಳಿದು ಅದು ಸುಟ್ಟ ಬಟಾಟಿಯಾಗದೆ ಕುದಿಸಿದ ಬಟಾಟಿಯಾಗುತ್ತದೆ. ಒಣಗಿದ ಸಿಪ್ಪೆ ಮಾತ್ರ 100° ದಾಟಬಲ್ಲುದು. ಆಗಲೇ ಅದು ಕಂದುಬಣ್ಣಕ್ಕೆ ತಿರುಗಿ ಪರಿಮಳ ಬರುವುದು. ಈ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ವರ್ಣಿಸಿದ ಲೂಯಿ ಕಮೀಲ್ ಮೈಯಾರನ ಹೆಸರೇ ಅದಕ್ಕಿದೆ. ಸೂಜಿ ನಡುವಿನವರೆಗೂ ತಡೆಯಿಲ್ಲದೆ ಇಳಿದರೆ ಬೆಂದಿದೆ ಎಂದರ್ಥ. ತಕ್ಷಣ ಸೀಳಿ ಆವಿ ಬಿಡಿ. ಮೇಲೆ ಬೆಣ್ಣೆ, ಶೇಂಗಾ ಹಿಂಡಿ ಹಾಕಿಕೊಳ್ಳಿ.

ನಿಮ್ಮ ಮನೆಯ ಮಕ್ಕಳಿಗೆ ಒಂದು ಕೆಲಸ ಕೊಡಿ. ದಪ್ಪದಲ್ಲಿ ಭಿನ್ನವಾದ ಮೂರು ಬಟಾಟಿಗಳನ್ನು ಅಳೆದು ಒಟ್ಟಿಗೆ ಓವನ್ನಿನಲ್ಲಿ ಇಡಲಿ. ಪ್ರತಿಯೊಂದೂ ಬೆಂದ ವೇಳೆಯನ್ನು ಬರೆದಿಡಲಿ. ಫೂರಿಯೆಯ ನಿಯಮಕ್ಕೆ ಉತ್ತರ ಎಷ್ಟು ಹತ್ತಿರ ಬಂತು, ಎಲ್ಲಿ ದೂರವಾಯಿತು, ಏಕೆ ಎಂದು ಚರ್ಚಿಸಲಿ. ಪ್ರಯೋಗ ತಪ್ಪಿದರೂ ನಷ್ಟವಿಲ್ಲ, ಬಟಾಟಿ ತಿನ್ನಲು ಇದ್ದೇ ಇರುತ್ತದೆ.