ಸುದ್ದಿಯ ತಂತಿ ಮತ್ತು ರೋಗಿಯ ಮಾತು: ದಕ್ಷಿಣ ಬೆಂಗಳೂರಿನ ಆರೋಗ್ಯಚರಿತ್ರೆಯ ಒಂದು ಜಾನಪದೀಯ ಓದು

ಬೆಂಗಳೂರಿನ ತ್ಯಾಗರಾಜನಗರದಲ್ಲಿ ಪ್ಲೇಗ್ ಮಾರಮ್ಮನ ಗುಡಿಯೊಂದಿದೆ. ಜಯನಗರದ ಬಡಾವಣೆಗಳಿಗೆ ಸಮೀಪದಲ್ಲೇ ಇರುವ ಈ ಗುಡಿಯ ಮುಂದೆ ದಿನವೂ ಹಾದುಹೋಗುವವರಲ್ಲಿ ಅನೇಕರಿಗೆ ದೇವತೆಯ ಹೆಸರಿನ ಮೊದಲ ಭಾಗ ಒಂದು ಇಂಗ್ಲಿಷ್ ಶಬ್ದವೆಂಬುದೇ ಮರೆತುಹೋಗಿದೆ. ರೋಗಕ್ಕೆ ದೈವದ ರೂಪ ಕೊಡುವುದು ನಮ್ಮ ಜನಪದರಿಗೆ ಹೊಸತಲ್ಲ. ಸಿಡುಬು ಕಾಣಿಸಿಕೊಂಡರೆ ‘ಅಮ್ಮ ಬಂದಿದ್ದಾಳೆ’ ಎನ್ನುವ ಮಾತು ಹಳೆಯ ತಲೆಮಾರಿನವರ ಬಾಯಲ್ಲಿ ಈಗಲೂ ಉಂಟು. ಆದರೆ ಇಲ್ಲಿ ಜನ ತಮ್ಮ ಭಾಷೆಯ ಹೆಸರನ್ನು ಹುಡುಕಲಿಲ್ಲ. ಅಧಿಕಾರಿಗಳ ಬಾಯಿಂದ, ಸರ್ಕಾರಿ ಆಜ್ಞೆಗಳಿಂದ ಕೇಳಿಸಿಕೊಂಡ ಪದವನ್ನೇ ಮಾರಮ್ಮನಿಗೆ ಮುಡಿಸಿದರು. ರೋಗದೊಡನೆ ರೋಗದ ಆಡಳಿತವೂ ಅವರ ಬದುಕಿನೊಳಗೆ ಬಂದಿತ್ತೆಂಬುದಕ್ಕೆ ಈ ಹೆಸರು ಸಾಕ್ಷಿ. ಆ ಆಡಳಿತ ಬಡವರೊಡನೆ ಯಾವ ಬಗೆಯ ಮಾತುಕತೆ ನಡೆಸುತ್ತ ಬಂದಿದೆ ಎಂಬುದನ್ನು ಪ್ಲೇಗಿನ ಕಾಲದಿಂದ ಇಂದಿನ ಡಿಜಿಟಲ್ ಆರೋಗ್ಯಸೇವೆಯವರೆಗೆ ಸ್ಥೂಲವಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1898ರ ಆಗಸ್ಟ್ ತಿಂಗಳಲ್ಲಿ ರೈಲುಮಾರ್ಗದ ಮೂಲಕ ಬೆಂಗಳೂರನ್ನು ಪ್ರವೇಶಿಸಿದ ಪ್ಲೇಗು ನಗರದ ಚಹರೆಯನ್ನೇ ಬದಲಿಸಿತು. ಆರೋಗ್ಯಾಧಿಕಾರಿಯ ನೇಮಕವಾಯಿತು, ಮೇಲ್ವಿಚಾರಣೆಯ ಅನುಕೂಲಕ್ಕಾಗಿ ನಗರವನ್ನು ನಾಲ್ಕು ವಾರ್ಡುಗಳಾಗಿ ವಿಂಗಡಿಸಲಾಯಿತು, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯನ್ನು ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಇವೆಲ್ಲ ನಗರಚರಿತ್ರೆಯ ಪುಸ್ತಕಗಳಲ್ಲಿ ದೊರೆಯುವ ಸಂಗತಿಗಳು. ಇವುಗಳ ನಡುವೆ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುವ ಇನ್ನೊಂದು ಸಂಗತಿ ನನಗೆ ಮುಖ್ಯವಾಗಿ ತೋರುತ್ತದೆ. ಪ್ಲೇಗ್ ನಿಗ್ರಹದ ಕೆಲಸವನ್ನು ಹೊಂದಿಸಿಕೊಂಡು ನಡೆಸುವುದಕ್ಕಾಗಿ ಆಗ ನಗರದಲ್ಲಿ ಟೆಲಿಫೋನ್ ತಂತಿಗಳನ್ನು ಎಳೆಯಲಾಯಿತು. ದೂರಸಂಪರ್ಕವೂ ಆರೋಗ್ಯವೂ ಬೆಂಗಳೂರಿನಲ್ಲಿ ಒಂದನ್ನೊಂದು ಸಂಧಿಸಿದ್ದು ಹೀಗೆ. ಈ ತಂತಿ ಅಧಿಕಾರಿಯಿಂದ ಅಧಿಕಾರಿಗೆ ಹರಿಯುವ ತಂತಿ. ರೋಗಿಯ ಮನೆ ಯಾವುದು, ಸತ್ತವರೆಷ್ಟು, ಯಾವ ಕೇರಿಯನ್ನು ಖಾಲಿಮಾಡಿಸಬೇಕು ಎಂಬ ಬಗೆಯ ಸುದ್ದಿಗೆ ಅದು ದಾರಿಯಾಯಿತೇ ಹೊರತು, ರೋಗಿಯ ಕೈಗೆ ಅದರ ಕೊನೆ ಸಿಗಲಿಲ್ಲ. ಬಡವನು ಸುದ್ದಿಯ ವಸ್ತುವಾದನು, ಸುದ್ದಿ ಹೇಳುವವನಾಗಲಿಲ್ಲ.

ರೋಗ ಬಂದಾಗ ಊರು ಬಿಡುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ಮೊದಲೇ ಇತ್ತು. ಹೊರಬೀಡು ಎಂಬ ಆಚರಣೆಯಲ್ಲಿ ಇಡೀ ಊರೇ ಮನೆಗಳಿಗೆ ಬಾಗಿಲಿಕ್ಕಿ, ದನಕರುಗಳೊಡನೆ ಹೊರಗೆ ಹೋಗಿ ಬೀಡುಬಿಟ್ಟು, ಅಡಿಗೆ ಮಾಡಿ, ದೇವರಿಗೆ ಎಡೆಯಿಟ್ಟು ಹಿಂದಿರುಗುತ್ತದೆ. ಗೌಡನ ಮನೆಯೆಂದು ಒಂದು ಮನೆಯನ್ನು ಬಿಟ್ಟುಕೊಡುವಂತಿಲ್ಲ. ಪ್ಲೇಗಿನ ಕಾಲದಲ್ಲಿ ಹಳ್ಳಿಗರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದು ಇದರ ಮುಂದುವರಿಕೆಯಂತೆಯೇ ಕಾಣುತ್ತದೆ. ಪೇಟೆಯಲ್ಲಿ ನಡೆದದ್ದು ಬೇರೆ. ಪ್ಲೇಗಿಗೆ ಮೊದಲೇ ಯೋಚಿಸಲ್ಪಟ್ಟು, ಪ್ಲೇಗಿನ ಭಯದಿಂದ ಬೇಗನೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿ, ಗಾಳಿಬೆಳಕು, ಒಳಚರಂಡಿಗಳ ಹೊಸ ಆದರ್ಶವನ್ನು ತಂದವು. ಅಲ್ಲಿ ನಿವೇಶನಗಳು ಜಾತಿವಾರು ಹಂಚಿಕೆಯಾದವು. ಕೊಳ್ಳುವ ಶಕ್ತಿಯಿದ್ದವರು ಕೊಂಡರು. ಊರೆಲ್ಲ ಒಟ್ಟಿಗೆ ಹೊರಡುವ ಹೊರಬೀಡು ಇಲ್ಲಿ ಕೆಲವರ ಶಾಶ್ವತ ಬೀಡಾಯಿತು. ಉಳಿದವರು ಪೇಟೆಯ ಇಕ್ಕಟ್ಟಿನಲ್ಲೇ ಉಳಿದರು, ಇಲ್ಲವೇ ಹೊಸ ಬಡಾವಣೆಯ ಅಂಚಿನಲ್ಲಿ, ಅದಕ್ಕೆ ಬೇಕಾದ ಕೆಲಸದವರಾಗಿ ನೆಲೆಸಿದರು.

ಸ್ವಾತಂತ್ರ್ಯಾನಂತರದ ದಕ್ಷಿಣ ಬೆಂಗಳೂರು ಇದೇ ನಕ್ಷೆಯನ್ನು ಹಿಗ್ಗಿಸಿತು. 1948ರಲ್ಲಿ ರಾಜಾಜಿಯವರು ಅಶೋಕ ಸ್ತಂಭವನ್ನು ಅನಾವರಣಗೊಳಿಸಿದ ಜಯನಗರ, ಬಳಿಕ ಬನಶಂಕರಿ, ಜೆ.ಪಿ. ನಗರಗಳು ಹಳೆಯ ಹಳ್ಳಿಗಳ ಗದ್ದೆ, ತೋಟ, ಕೆರೆಯಂಗಳಗಳ ಮೇಲೆ ಎದ್ದವು. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿ ಕುಳಿತಿವೆ. ಸಾರಕ್ಕಿ, ಯಡಿಯೂರು, ಕನಕನಪಾಳ್ಯ, ಸಿದ್ದಾಪುರಗಳ ಹಳೆಯ ಓಣಿಗಳಿಗೂ ಪಕ್ಕದ ಬ್ಲಾಕುಗಳಿಗೂ ನಡುವೆ ಒಂದು ರಸ್ತೆಯಷ್ಟೇ ಅಂತರ. ಆರೋಗ್ಯದ ಅಂತರವನ್ನು ಆ ರಸ್ತೆಯ ಅಗಲದಿಂದ ಅಳೆಯಲಾಗದು.

ಜೆ.ಪಿ. ನಗರದ ರಾಗಿಗುಡ್ಡದ ಐತಿಹ್ಯವನ್ನು ಇಲ್ಲಿ ನೆನೆಯಬಹುದು. ಸುಧರ್ಮೆಯೆಂಬ ಸೊಸೆ ರಾಶಿಯ ರಾಗಿಯಿಂದ ಮೊರದ ತುಂಬ ತೆಗೆದು ಭಿಕ್ಷೆಗೆ ಬಂದ ಮೂವರಿಗೆ ನೀಡಹೋದಳು, ಅತ್ತೆ ತಡೆದಳು, ನೊಂದ ಸೊಸೆಯ ಮಾತಿನಂತೆ ರಾಶಿ ಕಲ್ಲಾಯಿತು, ಭಿಕ್ಷುಕರೂ ಮೂರು ಬಂಡೆಗಳಾಗಿ ನಿಂತರು. ಐತಿಹ್ಯವನ್ನು ಸ್ಥಳಪುರಾಣವೆಂದು ಬದಿಗಿಡುವವರುಂಟು. ನನ್ನ ದೃಷ್ಟಿಯಲ್ಲಿ ಅದು ದಾಸ್ತಾನು ಮತ್ತು ಹಂಚಿಕೆಯ ನಡುವಣ ಜಗಳದ ಕಥೆ. ರಾಗಿ ಇಲ್ಲದೆ ಹೋದದ್ದರಿಂದ ಭಿಕ್ಷುಕರು ಬರಿಗೈಯಲ್ಲಿ ನಿಲ್ಲಲಿಲ್ಲ. ರಾಶಿ ಕಣ್ಣೆದುರೇ ಇತ್ತು. ಅದೇ ಗುಡ್ಡದ ಆಸುಪಾಸಿನಲ್ಲಿ ಇಂದು ನಗರದ ಬಡವರ ದೊಡ್ಡ ವಸತಿಯೊಂದಿದೆ.

ಕಣ್ಣೆದುರಿನ ರಾಶಿಯ ಮಾತು ಆಸ್ಪತ್ರೆಗಳಿಗೆ ಹೆಚ್ಚು ಒಪ್ಪುತ್ತದೆ. ನಿಮ್ಹಾನ್ಸ್, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ ಗಾಂಧಿ ಅಪಘಾತ ಸಂಸ್ಥೆ, ಜಯದೇವ ಹೃದ್ರೋಗ ಸಂಸ್ಥೆ, ಜಯನಗರದ ಸಾರ್ವಜನಿಕ ಆಸ್ಪತ್ರೆ ಇವೆಲ್ಲವೂ ಇಲ್ಲಿಂದ ಕೆಲವೇ ಕಿಲೋಮೀಟರುಗಳ ಸುತ್ತಳತೆಯಲ್ಲಿವೆ. ಇಷ್ಟು ಸರ್ಕಾರಿ ಪರಿಣತಿ ಒಂದೆಡೆ ಸೇರಿರುವುದು ರಾಜ್ಯದಲ್ಲಿ ಅಪರೂಪ. ಆದರೂ ಮನೆಗೆಲಸ, ಗಾರೆ ಕೆಲಸ, ಗಾರ್ಮೆಂಟ್ ಕೆಲಸಗಳ ಕುಟುಂಬಗಳಲ್ಲಿ ಆಸ್ಪತ್ರೆಯ ದೂರವನ್ನು ಲೆಕ್ಕ ಹಾಕುವುದು ಕಳೆದುಹೋಗುವ ಕೂಲಿಯಿಂದ. ಚೀಟಿಯ ಸಾಲಿಗೆ ಒಂದು ದಿನ, ಪರೀಕ್ಷೆಗೆ ಮತ್ತೊಂದು ದಿನ, ವರದಿ ತೋರಿಸಲು ಇನ್ನೊಂದು ದಿನ. ‘ಮೂರು ದಿನದ ಕಾಯಿಲೆ’ ಎಂದು ವಕ್ತೃವೊಬ್ಬರು ತಮ್ಮ ಸಕ್ಕರೆ ಕಾಯಿಲೆಯನ್ನು ಬಣ್ಣಿಸಿದಾಗ ಮೊದಲು ನನಗೆ ಅರ್ಥವಾಗಲಿಲ್ಲ. ತಿಂಗಳಿಗೆ ಮೂರು ದಿನದ ಸಂಬಳ ತಿನ್ನುವ ಕಾಯಿಲೆ ಎಂಬುದು ಅವರ ಮಾತಿನ ಅರ್ಥವಾಗಿತ್ತು.

ದೂರವೈದ್ಯ ಬಂದದ್ದು ಭೂಗೋಳದ ದೂರವನ್ನು ಗೆಲ್ಲುವ ಉದ್ದೇಶದಿಂದ. ಇಸ್ರೋ ನೆರವಿನಿಂದ 2002ರ ವೇಳೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಜೋಡಣೆಯಾಯಿತು. ಆ ಸಾಧನೆ ಸಣ್ಣದಲ್ಲ. ಆದರೆ 2021ರ ಮೇ ತಿಂಗಳ ಮೊದಲಲ್ಲಿ ಅದೇ ಜಿಲ್ಲಾ ಕೇಂದ್ರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ತಜ್ಞರ ಮುಖವನ್ನು ಪರದೆಯ ಮೇಲೆ ತಂದ ಊರಿಗೆ ಸಿಲಿಂಡರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಆ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಅದೇ ತಿಂಗಳು ‘ಕೊರೊನಾ ಮಾರಮ್ಮ’ನನ್ನು ಕೂರಿಸಿದ ಸುದ್ದಿ ಬಂದಾಗ ನಕ್ಕವರೇ ಹೆಚ್ಚು.

ಕೋವಿಡ್ ಕಾಲದ ಬೆಂಗಳೂರಿನಲ್ಲಿ 1898ರ ತಂತಿ ಬೇರೊಂದು ರೂಪದಲ್ಲಿ ಹಿಂದಿರುಗಿತು. ಪ್ಲೇಗಿಗಾಗಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೇ 2020ರ ಮಾರ್ಚಿಯ ನಿಯಮಗಳಿಗೂ ಆಧಾರ. ಮನೆಯಲ್ಲೇ ಪ್ರತ್ಯೇಕವಾಗಿ ಇರಬೇಕಾದವರು ಹಗಲಿಡೀ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ತಾವೇ ತೆಗೆದು ‘ಕ್ವಾರಂಟೈನ್ ವಾಚ್’ ಎಂಬ ಆ್ಯಪಿನ ಮೂಲಕ ಕಳುಹಿಸಬೇಕೆಂದು ಸರ್ಕಾರ ಆಜ್ಞಾಪಿಸಿತು. ಸುದ್ದಿ ಮತ್ತೆ ಕೆಳಗಿನಿಂದ ಮೇಲಕ್ಕೆ. 2021ರ ಎರಡನೆಯ ಅಲೆಯಲ್ಲಿ ಹಾಸಿಗೆ ಬೇಕಾದವರಿಗೆ ಬಿ.ಯು. ಸಂಖ್ಯೆ ಬೇಕಿತ್ತು, ಅದು ಪರೀಕ್ಷೆಯ ಫಲಿತಾಂಶದೊಡನೆ ಮೊಬೈಲಿಗೆ ಬರುತ್ತಿತ್ತು. ಹಂಚಿಕೆ ವಲಯದ ವಾರ್ ರೂಮಿನಿಂದ ನಡೆಯುತ್ತಿತ್ತು; ದಕ್ಷಿಣ ವಲಯದ್ದು ಜಯನಗರದಲ್ಲೇ ಇತ್ತು. ಮೇ 1ರಿಂದ 18–44 ವಯಸ್ಸಿನವರ ಲಸಿಕೆಗೆ ಕೋವಿನ್ ಪೋರ್ಟಲಿನ ನೋಂದಣಿ ಕಡ್ಡಾಯವಾಯಿತು. ಸ್ಥಳದಲ್ಲೇ ನೋಂದಾಯಿಸಲು ಸರ್ಕಾರಿ ಕೇಂದ್ರಗಳಲ್ಲಿ ಅವಕಾಶ ದೊರೆತದ್ದು ಆ ತಿಂಗಳ ಕೊನೆಯ ವಾರದಲ್ಲಿ. ಪೋರ್ಟಲಿಗೆ ಕನ್ನಡ ಬಂದದ್ದು ಜೂನಿನಲ್ಲಿ. ಅಷ್ಟರೊಳಗೆ ನಗರದ ತಂತ್ರಜ್ಞಾನ ಬಲ್ಲ ಯುವಕರು ನೆರೆಯ ಜಿಲ್ಲೆಗಳ ಹಳ್ಳಿಯ ಕೇಂದ್ರಗಳಲ್ಲಿ ಸರದಿ ಹಿಡಿದು ಕಾರಿನಲ್ಲಿ ಹೋಗಿ ಲಸಿಕೆ ಪಡೆದು ಬಂದಿದ್ದರು. ಡಿಜಿಟಲ್ ಪೋರ್ಟಲೊಂದನ್ನೇ ನೆಚ್ಚಿದ ನೀತಿ ಎಲ್ಲರನ್ನೂ ತಲುಪಲಾರದೆಂದು ಸರ್ವೋಚ್ಚ ನ್ಯಾಯಾಲಯ ಮೇ 31ರ ಆದೇಶದಲ್ಲಿ ಹೇಳಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2019ರಲ್ಲಿ ಕರ್ನಾಟಕದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಪುರುಷರು ಶೇಕಡ 62ರಷ್ಟಿದ್ದರೆ ಮಹಿಳೆಯರು ಶೇಕಡ 35 ಮಾತ್ರ.

ಆದರೂ ಬಡವರು ಲಸಿಕೆ ಪಡೆದರು, ಚೀಟಿ ಮಾಡಿಸಿದರು, ಕಾರ್ಡು ಪಡೆದರು. ಹೇಗೆ? ಮಧ್ಯವರ್ತಿಯ ಮೂಲಕ. ದೈವದ ಭಾಷೆ ಅರಿಯದ ಭಕ್ತನಿಗೆ ಪೂಜಾರಿಯ ಮೈಮೇಲಿನ ಮಾತು ಬೇಕಾದಂತೆ, ಪೋರ್ಟಲಿನ ಭಾಷೆ ಅರಿಯದವರಿಗೆ ಸೈಬರ್ ಅಂಗಡಿಯ ಹುಡುಗ, ಕೆಲಸದ ಮನೆಯ ‘ಮೇಡಂ’, ಕಾಲೇಜು ಓದುವ ಮೊಮ್ಮಗಳು ಬೇಕು. ಆಶಾ ಕಾರ್ಯಕರ್ತೆ ಇವರೆಲ್ಲರಿಗಿಂತ ಹತ್ತಿರದವಳು. 2020ರ ಜುಲೈಯಲ್ಲಿ 12,000 ರೂಪಾಯಿ ಮಾಸಿಕ ಗೌರವಧನಕ್ಕಾಗಿ ಮುಷ್ಕರ ಹೂಡಿದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರ ಹಳೆಯ ಅಳಲೊಂದಿದೆ: ಮಾಡಿದ ಕೆಲಸ ಪೋರ್ಟಲಿನಲ್ಲಿ ಕಾಣಿಸದಿದ್ದರೆ ಅದಕ್ಕೆ ಪ್ರೋತ್ಸಾಹಧನವಿಲ್ಲ. ಬಾಗಿಲು ಕಾಯುವವಳೇ ಬಾಗಿಲಾಚೆ ನಿಂತ ಸ್ಥಿತಿ.

ಮಧ್ಯವರ್ತಿಗೆ ತೆರಬೇಕಾದ ಬೆಲೆ ಹಣವೊಂದೇ ಆಗಿರುವುದಿಲ್ಲ. ಬೈರಸಂದ್ರದ ಕಡೆ ಕ್ಷೇತ್ರಕಾರ್ಯ ನಡೆಸುವಾಗ ಮಾರಮ್ಮನ ಹಾಡುಗಳನ್ನು ಬಲ್ಲ ಹಿರಿಯಾಕೆಯೊಬ್ಬರು ತಮ್ಮ ಹೆಣ್ಣುಕಾಯಿಲೆಯ ವಿಷಯ ಹೇಳಿದರು. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನು ಮಗನದು, ಓ.ಟಿ.ಪಿ. ಅವನಿಗೆ ಬರುತ್ತದೆ, ವರದಿಯೂ ಅವನಿಗೇ. ಮಗನ ಮುಂದೆ ಆಡಲಾಗದ ಮಾತನ್ನು ಅವರು ಎಂಟು ತಿಂಗಳು ಆಡಲೇ ಇಲ್ಲ. ಹಿಂದೆ ಇಂತಹ ನೋವು ಸೂಲಗಿತ್ತಿಯ ಕಿವಿಗೆ ಬೀಳುತ್ತಿತ್ತು; ಆ ಕಿವಿಗೆ ಔಷಧ ಗೊತ್ತಿತ್ತೋ ಇಲ್ಲವೋ, ಗುಟ್ಟು ಗೊತ್ತಿತ್ತು. ಸೂಲಗಿತ್ತಿಯ ಕಾಲವೇ ಚೆನ್ನಾಗಿತ್ತೆಂದು ಹೇಳುವ ಹುಂಬತನ ನನ್ನದಲ್ಲ. ಬಾಣಂತಿಯ ಸಾವುಗಳನ್ನು ನೆನೆಯುವ ಹಾಡುಗಳನ್ನು ಸಂಗ್ರಹಿಸಿದವರಾರೂ ಹಾಗೆ ಹೇಳಲಾರರು.

2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್‌ನಲ್ಲಿ ಚಾಲನೆಗೊಂಡ ಟೆಲಿಮಾನಸ್ ಈ ಚರಿತ್ರೆಯಲ್ಲಿ ತುಸು ಬೇರೆಯಾಗಿ ಕಾಣುತ್ತದೆ. 14416ಕ್ಕೆ ಗುಂಡಿಯ ಫೋನಿನಿಂದಲೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಇಲ್ಲಿ ತಂತಿಯ ಈ ಕೊನೆ ರೋಗಿಯ ಕೈಯಲ್ಲಿದೆ, ಅವಳ ಮಾತೇ ಅರ್ಜಿ. 2023ರಲ್ಲಿ ನಗರದಲ್ಲಿ ಆರಂಭವಾದ ನೂರಕ್ಕೂ ಹೆಚ್ಚು ‘ನಮ್ಮ ಕ್ಲಿನಿಕ್’ಗಳು ಕೂಡ ಕೂಲಿ ಕಳೆಯದೆ ತಲುಪಬಹುದಾದ ದೂರಕ್ಕೆ ವೈದ್ಯರನ್ನು ತರುವ ಪ್ರಯತ್ನವೇ.

ಮೇಲೆ ಹೇಳಿದ ಹಿರಿಯಾಕೆ ಕೊನೆಗೆ ಬಾಯಿಬಿಟ್ಟದ್ದು ಆಶಾ ಕಾರ್ಯಕರ್ತೆಯೊಬ್ಬಳ ಮುಂದೆ, ಬೀದಿನಲ್ಲಿಯ ಬಳಿ, ಮಗ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ. ಆಸ್ಪತ್ರೆಯ ನೋಂದಣಿಗೆ ಆಕೆ ತನ್ನ ಫೋನಿನ ಸಂಖ್ಯೆಯನ್ನೇ ಕೊಟ್ಟಳು. ಹಾಗೆ ಆಕೆಯ ಸಂಖ್ಯೆಯಡಿ ನೋಂದಾಯಿತರಾದ ಓಣಿಯ ಹೆಂಗಸರು ಇನ್ನೂ ಒಂಬತ್ತು ಮಂದಿ ಇದ್ದರು.