ಬಿರಿಸ್ತಾ

ತೆಳುವಾಗಿ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು ತಯಾರಿಸುವ ಅಡುಗೆ ಸಾಮಗ್ರಿ. ದಮ್ ಬಿರಿಯಾನಿಯ ಪದರಗಳ ನಡುವೆ ಉದುರಿಸಲು, ಹಲೀಮ್ ಮೇಲೆ ಹಾಕಲು, ಮೊಸರಿನೊಂದಿಗೆ ಅರೆದು ಕೂರ್ಮಾಕ್ಕೆ ಬೆರೆಸಲು ಬಳಕೆಯಲ್ಲಿದೆ.

ಈರುಳ್ಳಿಯ ತೂಕದಲ್ಲಿ ಸುಮಾರು ಶೇ. 89ರಷ್ಟು ನೀರು, ಅದನ್ನು ಎಳೆ ಸೀಯದಂತೆ ಹೊರಹಾಕುವುದೇ ಇಲ್ಲಿನ ಕೆಲಸವೆಲ್ಲ. ಚೆನ್ನಾಗಿ ಒಣಗಿದ ಹಳೆಯ ಗಡ್ಡೆ ಒಳ್ಳೆಯದು. ಅದನ್ನು ಉದ್ದಕ್ಕೆ ಸೀಳಿ, 1–2 ಮಿ.ಮೀ. ದಪ್ಪಕ್ಕೆ ಹೆಚ್ಚಿ, ಎಳೆಗಳನ್ನು ಬೆರಳಿನಿಂದ ಬಿಡಿಸಲಾಗುತ್ತದೆ. ದಪ್ಪ ಒಂದೇ ಸಮನಿಲ್ಲದಿದ್ದರೆ ತೆಳುವಾದವು ಕರಕಲಾಗುವ ಹೊತ್ತಿಗೂ ಉಳಿದವು ಮೆತ್ತಗೇ ಇರುತ್ತವೆ. ಹಿಟ್ಟು ಸವರುವುದು ಹೆಚ್ಚಾಗಿ ಅಂಗಡಿ ಸರಕಿನ ಪದ್ಧತಿ. ಮನೆಯಲ್ಲಿ ಅದರ ಅಗತ್ಯವಿಲ್ಲ.

ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಾ ಕರಿಯಬೇಕು. ನೀರು ಆವಿಯಾಗುವವರೆಗೆ ಎಣ್ಣೆ ಜೋರಾಗಿ ನೊರೆಗಟ್ಟುತ್ತದೆ. ನೊರೆ ಇಳಿದ ಮೇಲೆ ಬಣ್ಣ ಬೇಗ ಏರುವುದರಿಂದ ಬಾಣಲೆಯಿಂದ ಕಣ್ಣು ತೆಗೆಯುವಂತಿಲ್ಲ. ಹೊಂಬಣ್ಣ ಬಂದೊಡನೆ ಜಾಲರಿ ಸೌಟಿನಲ್ಲಿ ಎತ್ತಬೇಕು. ಹೊರಬಂದ ಮೇಲೂ ಒಳಗಿನ ಬಿಸಿಗೆ ಅದು ಇನ್ನಷ್ಟು ಕಪ್ಪಾಗುತ್ತದೆ. ಗರಿಗರಿತನ ಬರುವುದು ಆರಿದ ಮೇಲೆಯೇ. ರಾಶಿ ಹಾಕಿದರೆ ಹಬೆಗೆ ಮೆತ್ತಗಾಗುವುದರಿಂದ ತಟ್ಟೆಯಲ್ಲಿ ಹರಡಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಲಾಗುತ್ತದೆ. ಕರಿದು ಉಳಿದ ಎಣ್ಣೆಗೂ ಈರುಳ್ಳಿಯ ಘಮ ಹಿಡಿದಿರುತ್ತದೆ; ಅದನ್ನು ಅದೇ ಬಿರಿಯಾನಿಗೆ ಬಳಸುವುದುಂಟು.